ರಾಯಪ್ಪನ ಬಲಗಾಲು

ತೊಳೆಸಿಕೊಳ್ಳುವ ಕಾಲನ್ನು ಮೊದಲೇ ತೊಳೆದುಕೊಂಡು ಹೋಗಬೇಕು ಎಂಬ ನಿಯಮ ಯಾವ ಧರ್ಮಗ್ರಂಥದಲ್ಲೂ ಇಲ್ಲ. ಆದರೂ ತಮಿಳು ಸೀಮೆಯ ಎಣ್ಣೂರಿನ ಚರ್ಚಿನಲ್ಲಿ ಅದನ್ನು ಮೀರುವ ಧೈರ್ಯ ಇದುವರೆಗೆ ಯಾರೂ ಮಾಡಿರಲಿಲ್ಲ.

ಸಂಗತಿ ಇಷ್ಟೆ. ಪಾಸ್ಕ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಗುರುವಾರ ಸಂಜೆ, ಯೇಸುಸ್ವಾಮಿ ತನ್ನ ಹನ್ನೆರಡು ಶಿಷ್ಯರ ಕಾಲು ತೊಳೆದ ನೆನಪಿಗೆ, ಫಾದರ್ ಸೊಂಟಕ್ಕೆ ಟವೆಲು ಕಟ್ಟಿಕೊಂಡು ಊರಿನ ಹನ್ನೆರಡು ಮಂದಿಯ ಕಾಲು ತೊಳೆದು, ಒರೆಸಿ, ಮುತ್ತಿಡುತ್ತಾರೆ. ದೊಡ್ಡವನು ಬಗ್ಗಬೇಕು ಅನ್ನುವುದು ಅದರ ಪಾಠ. ಆದರೆ ಫಾದರ್ ತುಟಿ ಮುಟ್ಟುವ ಕಾಲು ನಾರಿದರೆ ಊರಿಗೆ ಊರೇ ಆಡಿಕೊಳ್ಳುವುದಿಲ್ಲವೇ? ಅದಕ್ಕೇ ಆ ಹನ್ನೆರಡು ಜನ ವಾರದ ಮುಂಚಿನಿಂದಲೇ ಕಲ್ಲು, ಬ್ರಷ್ಷು, ಸೋಪು ಹಿಡಿದು ಕೂರುತ್ತಿದ್ದರು. ಫಾದರಿಗೆ ತೊಳೆಯಲು ಉಳಿಯುತ್ತಿದ್ದುದು ಸೋಪಿನ ವಾಸನೆ ಮಾತ್ರ.

ಇನ್ನೊಂದು ವಿಷಯ. ಫಾದರ್ ತೊಳೆಯುವುದು ಬಲಗಾಲು ಒಂದನ್ನೇ. ರಾಯಪ್ಪನ ಕಷ್ಟವೆಲ್ಲ ಶುರುವಾದದ್ದು ಅಲ್ಲಿಂದ.

ರಾಯಪ್ಪ ಕೋಲಾರದ ಕಡೆಯವನು. ಎಣ್ಣೂರಿಗೆ ಬಂದು ಮಿಕ್ಸಿ, ಗ್ರೈಂಡರ್, ಫ್ಯಾನು ರಿಪೇರಿ ಮಾಡುತ್ತ ತಲೆಗೂದಲು ಅರ್ಧ ಕಳಕೊಂಡಿದ್ದ. ಆದರೂ ಚರ್ಚಿನಲ್ಲಿ ಅವನ ಹೆಸರು ಯಾರ ಬಾಯಲ್ಲೂ ನಿಂತಿರಲಿಲ್ಲ. ‘ಮಿಕ್ಸಿಕಾರ’ ಅನ್ನುತ್ತಿದ್ದರು. ಪಾಸ್ಕಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದ ಶುಕ್ರವಾರಗಳಲ್ಲಿ ಶಿಲುಬೆ ಹಾದಿಯ ಮೆರವಣಿಗೆ ಬೀದಿಗಳಲ್ಲಿ ಹೋಗುವಾಗ ಒಬ್ಬೊಬ್ಬರು ಶಿಲುಬೆ ಹೊರುತ್ತಿದ್ದರು. ರಾಯಪ್ಪ ಹೊರುತ್ತಿದ್ದುದು ಸ್ಪೀಕರ್ ಡಬ್ಬ. ಮೈಕು ಕೈಕೊಟ್ಟಾಗ ಮಾತ್ರ, “ಎಲ್ಲಿ ಆ ಮಿಕ್ಸಿಕಾರ?” ಎಂದು ಹುಡುಕುತ್ತಿದ್ದರು. ಅಂಥವನನ್ನು ಈ ವರ್ಷ ಹನ್ನೆರಡರಲ್ಲಿ ಒಬ್ಬನಾಗಿ ಆರಿಸಿದ್ದರು. ಹೆಸರು ಓದಿದ ದಿನ ರಾಯಪ್ಪ ಮನೆಗೆ ನಡೆದು ಬರಲಿಲ್ಲ, ತೇಲಿ ಬಂದ.

ಅವನಿಗಿಂತ ಎತ್ತರದಲ್ಲಿ ತೇಲಿದವಳು ಹೆಂಡತಿ ಲೂರ್ದಮ್ಮ. ಅವಳ ಅಕ್ಕ ಕೋಲಾರದಲ್ಲಿದ್ದಳು. “ನಮ್ಮನೆಯವರ ಕಾಲಿಗೆ ಬಿಷಪ್ಪೇ ಮುತ್ತಿಟ್ಟರು” ಎಂದು ಫೋನಿನಲ್ಲಿ ಒಮ್ಮೆಯಾದರೂ ಹೇಳದೆ ಆ ಅಕ್ಕ ಫೋನು ಇಟ್ಟವಳಲ್ಲ. ಈ ಸಲ ಪೂಜೆ ಮೊಬೈಲಿನಲ್ಲಿ ಲೈವ್ ಬರುತ್ತದೆ, ಅಕ್ಕ ನೋಡುತ್ತಾಳೆ. ಅಷ್ಟು ಸಾಕಾಗಿತ್ತು. ಲೂರ್ದಮ್ಮ ಗಂಡನ ಬಲಗಾಲಿನ ಮೇಲೆ ಬಿದ್ದಳು. ನಿಂಬೆಹಣ್ಣು, ಹಾಲಿನ ಕೆನೆ, ಕಡಲೆಹಿಟ್ಟು, ರಾತ್ರಿಗೆ ಹರಳೆಣ್ಣೆ. ವಾರದಲ್ಲಿ ಬಲಗಾಲು ಬೆಣ್ಣೆ ಮುದ್ದೆಯಾಯಿತು. ಎಡಗಾಲು ಹಾಗೇ ಇತ್ತು, ಒಡೆದ ಹಿಮ್ಮಡಿ, ಪಕ್ಕದ ಬೆರಳಿನ ಮೇಲೆ ಹತ್ತಿ ಕೂತ ಕಿರುಬೆರಳು.

“ಏನ್ರಿ ಲೂರ್ದಮ್ಮ,” ಎಂದಳು ಪಕ್ಕದ ಮನೆಯ ಜಗದೇವಿ, ಬೇಳೆ ವ್ಯಾಪಾರಿ ಪರಮೇಶ್ವರಪ್ಪನ ಹೆಂಡತಿ, ಕಲಬುರ್ಗಿ ಕಡೆಯವಳು. “ಒಂದ ಕಾಲಿಗೆ ಇಷ್ಟ್ ಸೇವಾ ನಡಿಸೀರಿ. ಇನ್ನೊಂದು ಕಾಲು ಏನು, ಸವತಿ ಮಗಾ ಏನ್ರಿ?”

“ಅದನ್ನ ಯಾರು ತೊಳೀತಾರೆ ಜಗದೇವಿ? ಅದು ಬರೀ ನಿಂತ್ಕೊಳ್ಳೋಕೆ,” ಎಂದಳು ಲೂರ್ದಮ್ಮ.

ಅದು ಸುಳ್ಳಲ್ಲ. ಲೂರ್ದಮ್ಮ ಈ ತಪಸ್ಸುಕಾಲಕ್ಕೆ ಸುಳ್ಳು ಹೇಳುವುದನ್ನೇ ಬಿಟ್ಟಿದ್ದಳು. ಒಬ್ಬೊಬ್ಬರು ನಲವತ್ತು ದಿನ ಒಂದೊಂದನ್ನು ಬಿಡುತ್ತಾರೆ, ಮಾಂಸ, ಸಿನಿಮಾ, ಕಾಫಿ. ರಾಯಪ್ಪ ಬೀಡಿ ಬಿಟ್ಟಿದ್ದ. ಲೂರ್ದಮ್ಮ ಸುಳ್ಳು ಬಿಟ್ಟಿದ್ದನ್ನು ಇಡೀ ಬೀದಿಗೆ ಸಾರಿದ್ದಳು, ಮಾತ್ರವಲ್ಲ, ನಿಜ ಹೇಳಿ ಹೇಳಿ ಮೂರು ಮನೆಯವರೊಂದಿಗೆ ಮಾತು ಬಿಟ್ಟಿದ್ದಳು.

ಇವರಿಬ್ಬರ ಕಣ್ಣಿಗೆ ಬಿದ್ದ ಮುಳ್ಳು ಸವರಿಮುತ್ತು. ಹಾರ್ಬರಿನಿಂದ ರಿಟೈರಾದ ಸವರಿಮುತ್ತು ಪ್ರತಿ ವರ್ಷವೂ ಹದಿಮೂರನೆಯವನು, ಅಂದರೆ ಸ್ಪೇರ್ ಟೈರು. ಹನ್ನೆರಡರಲ್ಲಿ ಯಾರ ಕಾಲಿಗಾದರೂ ಗಾಯವೋ ಕಜ್ಜಿಯೋ ಕೊಳೆಯೋ ಕಂಡರೆ ಅವನನ್ನು ಎಬ್ಬಿಸಿ ಇವನನ್ನು ಕೂರಿಸುವುದು ಪದ್ಧತಿ. ಇದುವರೆಗೆ ಆ ಭಾಗ್ಯ ಬಂದಿರಲಿಲ್ಲ. ಎದುರಿಗೆ ಸಿಕ್ಕವರ ಮುಖವನ್ನು ಅವನು ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದ.

ಆ ಗುರುವಾರ ಬೆಳಿಗ್ಗೆಯೇ ಲೂರ್ದಮ್ಮ ಭಾನುವಾರದ ಹಬ್ಬದ ಸಾರಿಗೆಂದು ಕೆಂಪು ಹುಂಜವೊಂದನ್ನು ತಂದು ಮೆಟ್ಟಿಲ ಕೆಳಗೆ ಕಟ್ಟಿದ್ದಳು. ಆಮೇಲೆ ಗಂಡನಿಗೆ ಆರ್ಡರ್ ಮಾಡಿದಳು: “ಸಂಜೆ ಪೂಜೆ ತನಕ ಬಲಗಾಲು ನೆಲ ಮುಟ್ಟಂಗಿಲ್ಲ.”

“ಮತ್ತೆ ನಾನು ಕೊಕ್ಕರೇನಾ?”

“ಒಂದು ದಿನ ಆಗ್ರೀ, ಏನಾಗುತ್ತೆ?”

ಅಷ್ಟರಲ್ಲಿ ಫೋನು ಬಂತು. ಚರ್ಚಿನ ಉಪದೇಶಿ ದೇವಸಗಾಯಂ. ಪೂಜೆಯ ಏರ್ಪಾಟು, ಹನ್ನೆರಡು ಜನರ ಕಾಲು ಪರೀಕ್ಷೆ ಎಲ್ಲವೂ ಅವನದೇ. “ರಾಯಪ್ಪಾ, ದೊಡ್ಡ ಫ್ಯಾನ್ ನಿಂತುಪೋಚ್ಚು! ಉಡನೇ ವಾ!” ಎಂದು ಕೂಗಿದ. ಪೀಠದ ಬಳಿ ಇಡುವ ಆಳೆತ್ತರದ ಫ್ಯಾನು ಕೆಟ್ಟಿತ್ತು, ರಾಯಪ್ಪ ಕೂಡಲೇ ಬರಬೇಕು. “ನೀ ತಾನೇ ಇವತ್ತು ನಿಜವಾದ ರಾಯಪ್ಪ!” ಎಂದು ಅರೆಬರೆ ಕನ್ನಡದಲ್ಲಿ ನಕ್ಕ.

ಅದು ಹಳೇ ತಮಾಷೆ. ಯೇಸುವಿನ ಶಿಷ್ಯ ಪೇತ್ರನನ್ನೇ ಈ ಕಡೆಯವರು ರಾಯಪ್ಪ ಅನ್ನುವುದು. ಕಾಲು ತೊಳೆಸಿಕೊಂಡ ಅದೇ ರಾತ್ರಿ, ಕೋಳಿ ಕೂಗುವುದಕ್ಕೆ ಮುಂಚೆ, ‘ಅವನು ಯಾರೋ ನನಗೆ ಗೊತ್ತಿಲ್ಲ’ ಎಂದು ಮೂರು ಸಲ ತನ್ನ ಗುರುವನ್ನೇ ಅಲ್ಲಗಳೆದವನು ಆ ಪೇತ್ರ. ಹೆಸರಿಟ್ಟ ತಪ್ಪಿಗೆ ನಮ್ಮ ರಾಯಪ್ಪ ಈ ಮಾತನ್ನು ಪ್ರತಿ ವರ್ಷ ಕೇಳಬೇಕಾಗಿತ್ತು.

ಹೋಗದೆ ವಿಧಿಯಿಲ್ಲ. ಪರಮೇಶ್ವರಪ್ಪ ತನ್ನ ಅಂಗಡಿಯಿಂದ ದಪ್ಪ ಪ್ಲಾಸ್ಟಿಕ್ಕಿನ ತೊಗರಿಬೇಳೆ ಚೀಲ ತಂದ. ಲೂರ್ದಮ್ಮ ಬಲಗಾಲಿಗೆ ಹತ್ತಿಬಟ್ಟೆ ಸುತ್ತಿ, ಚೀಲ ತೊಡಿಸಿ, ಮಂಡಿಯ ಕೆಳಗೆ ದಾರ ಬಿಗಿದಳು. ಚೀಲದ ಮೇಲೆ ‘ಉತ್ತಮ ಗುಣಮಟ್ಟ’ ಎಂದು ದೊಡ್ಡದಾಗಿ ಬರೆದಿತ್ತು.

“ಭಾರೀ ಕಾಣಾಕತ್ತೀರಿ,” ಎಂದಳು ಜಗದೇವಿ. “ಮದಲಗಿತ್ತಿ ಥರಾ ಮುಸುಕು ಹಾಕ್ಯಾರ ಕಾಲಿಗೆ.”

ರಾಯಪ್ಪ ಟೂಲ್ ಚೀಲ ಹೆಗಲಿಗೆ ಹಾಕಿ, ಕೈಗೋಲು ಹಿಡಿದು, ಎಡಗಾಲಲ್ಲಿ ಕುಪ್ಪಳಿಸುತ್ತ ಮೆಟ್ಟಿಲಿಳಿದ. ಕೊನೆಯ ಮೆಟ್ಟಿಲಲ್ಲಿ ಚೀಲ ‘ಬರ್ರ್’ ಅಂದದ್ದೇ ತಡ, ಹುಂಜ ಬೆದರಿ ಹಾರಿ ಅವನ ಎಡಪಾದದ ಮೇಲೆ ಕೂತು, ಬೆದರಿದ ಹುಂಜ ಮಾಡುವುದನ್ನು ಮಾಡಿತು.

“ಬಲಗಾಲು?” ಎಂದು ಮೇಲಿನಿಂದ ಲೂರ್ದಮ್ಮ ಚೀರಿದಳು.

“ಅದಕ್ಕೇನೂ ಆಗಿಲ್ಲ!”

“ದೇವರಿಗೆ ಸ್ತೋತ್ರ!”

ಎಣ್ಣೂರಿನ ಬೀದಿಯಲ್ಲಿ ಒಂಟಿಕಾಲಲ್ಲಿ ಹೋಗುವುದು ಸಾಮಾನ್ಯದ ಕೆಲಸವಲ್ಲ. ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ಬೂದಿ ಬುಧವಾರ ಉಳಿದ ಊರುಗಳಿಗೆ ವರ್ಷಕ್ಕೊಂದು ದಿನ, ಎಣ್ಣೂರಿಗೆ ದಿನವೂ. ವಿದ್ಯುತ್ ಸ್ಥಾವರದ ಬೂದಿ ಲಾರಿಗಳು ಹೋಗಿ ಬಂದು ರಸ್ತೆಗೆ ಮೆತ್ತಿದ್ದ ಪುಡಿಯ ಮೇಲೆ ಬೆಳಿಗ್ಗೆ ಟ್ಯಾಂಕರ್ ನೀರು ಸೋರಿ ಕೆಸರಾಗಿತ್ತು. ರಾಯಪ್ಪನ ಎಡಚಪ್ಪಲಿ ಮೂರನೇ ಕುಪ್ಪಳಿಕೆಗೇ ಅದರಲ್ಲಿ ಹೂತು ಅಲ್ಲೇ ಉಳಿಯಿತು. ಬಗ್ಗಿ ಕೀಳೋಣವೆಂದರೆ ಬಲಗಾಲು ಊರಬೇಕು. ಚಪ್ಪಲಿಗೆ ಕೈಮುಗಿದು ಮುಂದೆ ಹೋದ.

ಮೀನುಮಾರುಕಟ್ಟೆಯ ತಿರುವಿನಲ್ಲಿ ಹಿಂದಿನಿಂದ ಮೊಪೆಡ್ಡಿನ ಸದ್ದು ಬಂತು. ಸವರಿಮುತ್ತು! ಬಿಳಿ ಸಾಕ್ಸು, ಬಿಳಿ ಕ್ಯಾನ್ವಾಸ್ ಶೂ. ಅವುಗಳೊಳಗೆ ಕರೆಗಾಗಿ ಕಾದಿರುವ ಎರಡು ಕಾಲು.

“ಎನ್ನ ರಾಯಪ್ಪಾ, ಕಾಲ್ ಎಪ್ಪಡಿ ಇರುಕ್ಕು?”

“ಚೆನ್ನಾಗೈತೆ ಸವರಿಯಣ್ಣ.”

“ಯಾಕೆ ಕಟ್ಟು? ಅಡಿಯಾ? ರತ್ತಮಾ?” ಎಂದು ಆಸೆಯಿಂದ ಕೇಳಿದ.

“ಪೆಟ್ಟೂ ಇಲ್ಲ, ರಕ್ತಾನೂ ಇಲ್ಲ. ಪ್ಯಾಕಿಂಗು.”

ಸವರಿಮುತ್ತುವಿನ ಮುಖ ಸಪ್ಪಗಾಯಿತು. ಆದರೂ ಹಿಂದೆ ಕೂರಲು ಕರೆದ. ರಾಯಪ್ಪ ಒಲ್ಲೆನೆಂದ, ಆ ಮೊಪೆಡ್ಡಿನ ಸೈಲೆನ್ಸರು ಬಲಗಡೆಗಿರುವುದು ಅವನಿಗೆ ಗೊತ್ತಿತ್ತು. “ಸರಿ, ನಿನ್ ಇಷ್ಟಂ,” ಎಂದು ಸವರಿಮುತ್ತು ಗಾಡಿ ಎಳೆದ. ಮುಂದಿದ್ದ ಮೀನುನೀರಿನ ಗುಂಡಿಯನ್ನು ಬಳಸಿ ಹೋಗಲು ರಸ್ತೆಯಲ್ಲಿ ಬೇಕಾದಷ್ಟು ಜಾಗವಿತ್ತು. ಅವನು ಬಳಸಲಿಲ್ಲ.

ನೀರು ಬುರ್ರನೆ ಎದ್ದಿತು. ಆ ಕ್ಷಣದಲ್ಲಿ ರಾಯಪ್ಪ ಮಾಡಿದ್ದನ್ನು ನೋಡಿದ ಮೀನಿನ ಹೆಂಗಸರು ಇವತ್ತಿಗೂ ಹೇಳುತ್ತಾರೆ: ಅವನ ಬಲಗಾಲು ಎದ್ದು ಪಕ್ಕದ ಗೋಡೆಯ ತಲೆಯ ಮೇಲೆ ಕೂತಿತು, ನಾಟ್ಯ ಕಲಿತವರಿಗೂ ಬಾರದ ಭಂಗಿಯಲ್ಲಿ. ಒಬ್ಬಾಕೆ ಕೈಯಲ್ಲಿದ್ದ ವಂಜರ ಮೀನನ್ನೇ ಕೆಳಗೆ ಹಾಕಿ ಚಪ್ಪಾಳೆ ತಟ್ಟಿದಳಂತೆ. ಗುಂಡಿಯ ನೀರೆಲ್ಲ ಎಡಗಾಲಿಗೆ ಬಿತ್ತು, ಎರಡು ಮೀನುಪೊರೆ ಹೆಬ್ಬೆರಳಿಗೆ ಅಂಟಿ ಬೆಳ್ಳಿ ಕಾಲುಂಗುರದ ಹಾಗೆ ಹೊಳೆದವು.

ಮುಂದಿನ ತಿರುವಿನಲ್ಲಿ ರಸ್ತೆಗೆ ಹೊಸ ಡಾಂಬರು ಹಾಕಿದ್ದರು. ಅದರ ವಿಷಯ ಹೆಚ್ಚು ಹೇಳುವುದು ಬೇಡ. ಚರ್ಚು ಮುಟ್ಟುವ ಹೊತ್ತಿಗೆ ಎಡಗಾಲು ಕಾಲಾಗಿ ಉಳಿದಿರಲಿಲ್ಲ. ಬಾವಿ ತೋಡುವಾಗ ಕಾಣುವ ಹಾಗೆ ಪದರ ಪದರವಾಗಿತ್ತು. ತಳದಲ್ಲಿ ಕೋಳಿ, ಅದರ ಮೇಲೆ ಬೂದಿ, ಅದರ ಮೇಲೆ ಮೀನು, ಎಲ್ಲದಕ್ಕೂ ಡಾಂಬರಿನ ಮುಚ್ಚಳ.

ಫ್ಯಾನು ಬಿಚ್ಚಲು ಒಂಟಿಕಾಲಲ್ಲೇ ನಿಂತ. ಗ್ರೀಸು ಎಲ್ಲಿಗೆ ಬಿತ್ತು ಎಂದು ಬೇರೆ ಹೇಳಬೇಕೆ? ಮಧ್ಯಾಹ್ನವೆಲ್ಲ ಹೆಣಗಿ ಮೋಟಾರಿಗೆ ಹೊಸ ಸುರುಳಿ ಸುತ್ತಿ ಸ್ವಿಚ್ಚು ಹಾಕಿದರೆ ಫ್ಯಾನು ಹೆಲಿಕಾಪ್ಟರಿನಂತೆ ಎದ್ದಿತು. ಎದುರಿಗಿದ್ದ ಹಾಡಿನ ಪುಸ್ತಕಗಳೆಲ್ಲ ಮರಿಯಮ್ಮನವರ ಗೂಡಿನವರೆಗೂ ಹಾರಿ ಹೋದವು.

“ಅಪ್ಪಾ! ಸೂಪರ್!” ಎಂದ ದೇವಸಗಾಯಂ.

ಸಂಜೆ ಕಾಲು ಪರೀಕ್ಷೆ. ಹನ್ನೆರಡು ಜನ ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ ಪಕ್ಕದ ಕೋಣೆಯಲ್ಲಿ ಸಾಲಾಗಿ ಕೂತರು. ಅದೇ ವೇಷದ ಸವರಿಮುತ್ತು ಬಾಗಿಲಲ್ಲಿ ನಿಂತು ಪ್ರಾರ್ಥಿಸುತ್ತಿದ್ದ, ಏನನ್ನೆಂದು ಎಲ್ಲರಿಗೂ ಗೊತ್ತಿತ್ತು. ದೇವಸಗಾಯಂ ಟಾರ್ಚು ಹಿಡಿದು ಒಂದೊಂದೇ ಬಲಗಾಲು ನೋಡುತ್ತ ಬಂದ. ರಾಯಪ್ಪ ದಾರ ಬಿಚ್ಚಿ, ಚೀಲ ಕಳಚಿ, ಹತ್ತಿಬಟ್ಟೆ ಸರಿಸಿದ. ಕೋಣೆಯಲ್ಲಿ ‘ಆಹಾ’ ಎಂಬ ಸದ್ದಾಯಿತು.

“ಇದು ಕಾಲಾ? ವೆಣ್ಣೈ!” ಎಂದು ದೇವಸಗಾಯಂ ಬೆಣ್ಣೆಯನ್ನು ಹೊಗಳುವ ಹಾಗೆ ಹೊಗಳಿದ. ಬಾಗಿಲಲ್ಲಿ ಸವರಿಮುತ್ತು ನಿಟ್ಟುಸಿರಿಟ್ಟ.

ಎಡಗಾಲನ್ನು ರಾಯಪ್ಪ ಪಂಚೆಯೊಳಗೆ ಅಡಗಿಸಿಟ್ಟಿದ್ದ. ತೊಳೆಯೋಣವೆಂದು ಹಿತ್ತಿಲ ನಲ್ಲಿಗೆ ಹೋದರೆ ನಲ್ಲಿ ಕೆಮ್ಮಿತು, ಅಷ್ಟೆ. ಇದ್ದ ನೀರೆಲ್ಲ ಪೂಜೆಯ ಹೂಜಿಗಳಲ್ಲಿತ್ತು. ‘ಇರಲಿ, ಎಡಗಾಲು ಯಾರು ನೋಡ್ತಾರೆ’ ಎಂದುಕೊಂಡ.

ಅಷ್ಟರಲ್ಲಿ ಹನ್ನೆರಡರಲ್ಲಿ ಒಬ್ಬನಿಗೆ ಹೊಟ್ಟೆ ಕೆಟ್ಟಿತು. ಅವನು ಎದ್ದು ಓಡಿದವನು ಮತ್ತೆ ಬರಲಿಲ್ಲ. ದೇವಸಗಾಯಂ ಪರೀಕ್ಷೆಯನ್ನೂ ಮಾಡದೆ ಸವರಿಮುತ್ತುವನ್ನು ಎಳೆದು ತಂದು ರಾಯಪ್ಪನ ಪಕ್ಕದ ಕುರ್ಚಿಯಲ್ಲಿ ಕೂರಿಸಿದ. ಸವರಿಮುತ್ತುವಿನ ಕಣ್ಣಲ್ಲಿ ನೀರು ಬಂತು. ರಾಯಪ್ಪನಿಗೂ ನಿರಾಳವಾಯಿತು, ಇನ್ನು ತನ್ನ ಕುರ್ಚಿಗೆ ಕಾದವರು ಯಾರೂ ಇಲ್ಲ. ಇಬ್ಬರೂ ಕೈ ಕುಲುಕಿದರು. ರಾಯಪ್ಪನ ಪಕ್ಕ ಸವರಿಮುತ್ತು ಕೂತ ಸುದ್ದಿ ಹೊರಗಿನ ಹೆಂಗಸರಿಗೂ ಮುಟ್ಟಿತು.

ಪೂಜೆ ಶುರುವಾಯಿತು. ಒಳಗೆ ಕಾಲಿಡಲು ಜಾಗವಿಲ್ಲ. ಹೆಂಗಸರು ಮಕ್ಕಳೆಲ್ಲ ಹೊರಗೆ ಚಪ್ಪರದಲ್ಲಿ, ದೊಡ್ಡ ಪರದೆಯ ಮುಂದೆ. ಹೋದ ವರ್ಷ ಹನ್ನೆರಡು ಜನರೂ ಕ್ಯಾಮೆರಾ ಕಂಡು ಹಲ್ಲು ಕಿರಿದು ಕೈಬೀಸಿದ್ದರಿಂದ ಫಾದರ್ ಅರುಳ್ ಈ ಸಲ ಕಟ್ಟುನಿಟ್ಟಾಗಿ ಹೇಳಿದ್ದರು: ಮುಖ ಬೇಡ, ಕಾಲು ಮಾತ್ರ ತೋರಿಸಬೇಕು.

ಫಾದರ್ ಟವೆಲು ಕಟ್ಟಿದರು. ಆಗ ದೇವಸಗಾಯಂ ಬಗ್ಗಿ ಬಗ್ಗಿ ಓಡಿ ಬಂದು ಹನ್ನೆರಡು ಕಿವಿಗಳಲ್ಲೂ ಪಿಸುಗುಟ್ಟಿದ. ರಾಯಪ್ಪ ರಿಪೇರಿ ಮಾಡಿದ ಫ್ಯಾನಿನ ಗಾಳಿಗೆ ಬಲಗಡೆಯ ಕ್ಯಾಮೆರಾ ನಿಲ್ಲುತ್ತಲೇ ಇಲ್ಲ, ಎಡಗಡೆಗೆ ಇಟ್ಟಿದ್ದಾರೆ. ಆದ್ದರಿಂದ ಎಲ್ಲರೂ ಎಡಗಾಲು ಚಾಚಬೇಕು.

“ಎಡಗಾಲಾ?” ರಾಯಪ್ಪನ ಗಂಟಲಿನಿಂದ ಬಂದದ್ದು ಮಾತಲ್ಲ, ಅವನ ಅಂಗಡಿಯ ಹಳೇ ಮಿಕ್ಸಿಯ ಸದ್ದು.

ಉಳಿದ ಹನ್ನೊಂದು ಮಂದಿಗೆ ಯಾವ ಕಾಲಾದರೇನು, ಎರಡನ್ನೂ ಉಜ್ಜಿದ್ದರು. ಸವರಿಮುತ್ತುವಂತೂ ವರ್ಷಗಳಿಂದ ಉಜ್ಜಿದ್ದ. ಫಾದರ್ ಒಂದೊಂದೇ ಕಾಲು ದಾಟಿ ಬಂದರು. ರಾಯಪ್ಪನ ಮುಂದೆ ಮಂಡಿಯೂರಿದರು. ಅವನು ಪಂಚೆಯನ್ನು ಬಿಗಿಯಾಗಿ ಹಿಡಿದುಕೊಂಡ. ಫ್ಯಾನು ತಿರುಗಿ ಇತ್ತ ನೋಡಿತು. ಪಂಚೆ ಹಾರಿತು.

ಫಾದರ್ ಬಗ್ಗಿ ಆ ಕಾಲನ್ನು ನೋಡಿದರು. “ಫಾದರ್, ನನ್ನ ಕಾಲು ತೊಳೀಬೇಡಿ, ದಯವಿಟ್ಟು,” ಎಂದು ರಾಯಪ್ಪ ಪಿಸುಗುಟ್ಟಿದ. ಆ ಮಾತು ಹಿಂದೊಮ್ಮೆ ಪೇತ್ರ ಆಡಿದ್ದೇ ಎಂದು ಅವನಿಗೆ ಆ ಕ್ಷಣ ಹೊಳೆಯಲಿಲ್ಲ.

ಫಾದರ್ ತೋಳು ಮಡಚಿದರು. ಮೊದಲ ಹೂಜಿಯ ನೀರು ಕಪ್ಪಾಗಿ ಇಳಿಯಿತು, ಎರಡನೆಯದು ಬೂದಿಬಣ್ಣ. ಮೂರನೆಯದಕ್ಕೆ ಮೀನುಪೊರೆ ಬೇಸಿನ್ನಿನಲ್ಲಿ ತೇಲಿತು. ದೇವಸಗಾಯಂ ಓಡಿಹೋಗಿ ಕೊಬ್ಬರಿಎಣ್ಣೆ ತಂದ, ಡಾಂಬರಿಗೆ. ಕೊನೆಗೆ ಕಾಲು ಕಾಣಿಸಿತು. ಫಾದರ್ ಒರೆಸಿ, ಮುತ್ತಿಟ್ಟು, ಮೈಕು ತರಿಸಿಕೊಂಡರು.

“ನಾನು ಗುರುವಾದಾಗಿನಿಂದ ತೊಳೆದ ಕಾಲನ್ನೇ ತೊಳೆಯುತ್ತ ಬಂದೆ. ಇವತ್ತು ಮೊದಲ ಸಲ ತೊಳೆಯಬೇಕಾದ ಕಾಲು ಸಿಕ್ಕಿತು. ದುಡಿದು ನೇರವಾಗಿ ಬಂದ ಈ ಸಹೋದರನ ಕಾಲು ನಮಗೆಲ್ಲ ಪಾಠ. ಇವರೇ ಇವತ್ತಿನ ನಿಜವಾದ ಶಿಷ್ಯ!” ಎಂದು ತಮಿಳಿನಲ್ಲಿ ಹೇಳಿದರು.

ಹೊರಗಿನ ಚಪ್ಪರದಿಂದ ಚಪ್ಪಾಳೆ ಸಮುದ್ರದ ಅಲೆಯ ಹಾಗೆ ಬಂತು. ರಾಯಪ್ಪ ಅತ್ತ. ಇನ್ನು ಮೇಲೆ ಯಾರೂ ತನ್ನನ್ನು ಮಿಕ್ಸಿಕಾರ ಅನ್ನುವುದಿಲ್ಲ.

ಪೂಜೆ ಮುಗಿದ ಮೇಲೆ ಅಂಗಿ ಸರಿಮಾಡಿಕೊಂಡು, ಎರಡು ಕಾಲಲ್ಲೂ ರಾಜನಂತೆ ನಡೆದು ಹೊರಗೆ ಬಂದ. ಚಪ್ಪರದಲ್ಲಿ ದೊಡ್ಡ ಗುಂಪು ಯಾರನ್ನೋ ಮುತ್ತಿಕೊಂಡಿತ್ತು. ಮುದುಕಿಯರು ಅವನ ಎಡಗಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನಡುವೆ ನಿಂತಿದ್ದವನು ಸವರಿಮುತ್ತು.

“ಎಲ್ಲಾಂ ಆಂಡವರ್ ಕೃಪೈ,” ಎಂದು ಅವನು ತಲೆತಗ್ಗಿಸಿ, ಬೇಡವೆನ್ನದೆ, ಹೌದೆನ್ನದೆ, ಎಲ್ಲವನ್ನೂ ದೇವರ ಮೇಲೆ ಹಾಕುತ್ತಿದ್ದ.

ರಾಯಪ್ಪ ದೇವಸಗಾಯಂನ ತೋಳು ಹಿಡಿದ. “ಏನಿದು? ಆ ಕಾಲು ನಂದಲ್ವಾ? ಹೇಳು ಎಲ್ಲರಿಗೂ!”

ದೇವಸಗಾಯಂ ಅತ್ತಿತ್ತ ನೋಡಿದ. “ಮೆದುವಾಗಿ ಮಾತಾಡು ರಾಯಪ್ಪಾ. ನಿನ್ ಕಾಲು ನಾ ಪರೀಕ್ಷೆ ಮಾಡಿ ಪಾಸ್ ಮಾಡಿದ್ದು. ಅಂಥ ಕಾಲು ಒಳಗೆ ಬಿಟ್ಟೆ ಅಂದರೆ ನನ್ ಕೆಲಸ? ಸವರಿಮುತ್ತು ಪರೀಕ್ಷೆ ಆಗಲೇ ಇಲ್ಲ. ಅವನದೇ ಅಂತ ಇರಲಿ. ಒಳಗಿದ್ದವರಿಗೆ ಕಂಡದ್ದು ಫಾದರ್ ಬೆನ್ನು ಮಾತ್ರ. ಸಾಲಲ್ಲಿ ಕೂತವರಿಗೆ ನಾ ಹೇಳ್ತೀನಿ, ಫಾದರ್ ಆಗಲೇ ಇನ್ನೊಂದು ಚರ್ಚಿಗೆ ಹೊರಟರು.”

“ನನ್ನ ಹೆಂಡ್ತಿಗೆ ಗೊತ್ತು ನನ್ನ ಕಾಲು!” ಎಂದು ರಾಯಪ್ಪ ಗುಂಪು ನುಗ್ಗಿದ.

ಲೂರ್ದಮ್ಮ ಜಗದೇವಿಯ ಪಕ್ಕ ನಿಂತಿದ್ದಳು. ಗಂಡನನ್ನು ಕಂಡದ್ದೇ ಚಪ್ಪರದ ಕಂಬದ ಹಿಂದಕ್ಕೆ ಎಳೆದಳು. “ಬಾಯಿ ಬಿಡ್ಬೇಡಿ, ನಿಮ್ಮ ದಮ್ಮಯ್ಯ. ಆ ಕಾಲು ಪರದೆ ಮೇಲೆ ಬಂತಲ್ಲ, ಬಸ್ಸಿನಷ್ಟು ದೊಡ್ಡದಾಗಿ! ಆ ಕಿರುಬೆರಳು ನೋಡಿದ್ದೇ ನನ್ನ ಎದೆ ಧಸಕ್ ಅಂತು. ಜಗದೇವಿ, ‘ಇದು ನಿಮ್ಮನಿಯವರ ಕಾಲಲ್ಲೇನ್ರಿ’ ಅಂದ್ಲು. ‘ಅಯ್ಯೋ, ಅಲ್ಲಪ್ಪ’ ಅಂದ್ಬಿಟ್ಟೆ. ಅಷ್ಟರಲ್ಲಿ ಅಕ್ಕನ ಫೋನು, ‘ಯಾರ್ದೇ ಆ ದರಿದ್ರ ಕಾಲು?’ ಅಂತ. ‘ನಮ್ದಲ್ಲಕ್ಕ, ಪಕ್ಕದ ಕುರ್ಚಿ ಸವರಿಮುತ್ತುದು’ ಅಂದೆ. ಸುತ್ತಲ ಹೆಂಗಸರೆಲ್ಲ ಕೇಳಿಸ್ಕೊಂಡ್ರು. ಆಮೇಲೆ ಫಾದರ್ ಹಿಂಗೆ ಹೊಗಳ್ತಾರೆ ಅಂತ ಯಾರಿಗೆ ಗೊತ್ತಿತ್ತು?”

“ಈಗ ನಿಜ ಹೇಳು ಮತ್ತೆ!”

“ಹೆಂಗೆ ಹೇಳ್ಲಿ? ಸುಳ್ಳು ಬಿಟ್ಟಿದ್ದೀನಿ ಅಂತ ಊರೆಲ್ಲ ಸಾರಿದ್ದೀನಲ್ರೀ!”

ಆಗಲೇ ಅವಳ ಕೈಯ ಫೋನು ಬೆಳಗಿತು. ಕೋಲಾರದ ಅಕ್ಕ, ವಿಡಿಯೋದಲ್ಲಿ. ಅವಳ ಹಿಂದೆ ಗಂಡ, ಮಕ್ಕಳು, ನೆಂಟರು. ಜಗದೇವಿಯೂ ಕತ್ತು ಚಾಚಿದಳು, ಅವಳ ಹಿಂದೆ ಅರ್ಧ ಚಪ್ಪರ.

“ರಾಯಪ್ಪನೋರೇ,” ಎಂದಳು ಅಕ್ಕ, “ನೀವಾದ್ರೂ ಸರಿಯಾಗಿ ಹೇಳಿ. ಫಾದರ್ ಹೊಗಳಿದ ಆ ಪುಣ್ಯದ ಕಾಲು ಯಾರ್ದು?”

ರಾಯಪ್ಪ ಎಡಗಾಲು ನೋಡಿದ. ಅದು ಬಲಗಾಲಿನಷ್ಟೇ ಬೆಳ್ಳಗೆ, ಸವರಿಮುತ್ತುವಿನ ಕಾಲಿನಷ್ಟೇ ಬೆಳ್ಳಗೆ ಹೊಳೆಯುತ್ತಿತ್ತು. ಫಾದರ್ ಅಷ್ಟು ಚೆನ್ನಾಗಿ ತೊಳೆದಿದ್ದರು. ಕಿರುಬೆರಳಿನ ಗುರುತು ಹೇಳಬೇಕಾದವಳು ಹೆಂಡತಿ, ಉಳಿದ ಸಾಕ್ಷಿಯೆಲ್ಲ ಬೇಸಿನ್ನಿನ ಜೊತೆ ಹೋಗಿತ್ತು. ಅವನು ಬಾಯಿ ತೆರೆದ. ಲೂರ್ದಮ್ಮನ ಮುಖ ನೋಡಿದ. ನಲವತ್ತು ದಿನದ ತಪಸ್ಸು ಆ ಮುಖದಲ್ಲಿ ಗಡಗಡ ನಡುಗುತ್ತಿತ್ತು. ಬಾಯಿ ಮುಚ್ಚಿದ.

“ಎಷ್ಟು ಸಲ ಹೇಳ್ಲಿ ಅಕ್ಕಾ?” ಎಂದಳು ಲೂರ್ದಮ್ಮ. “ಅದು ನಮ್ಮನೆಯವರದಲ್ಲ!”

“ಅದೇ ಅಂದ್ಕೊಂಡೆ,” ಎಂದಳು ಅಕ್ಕ ಸಮಾಧಾನದಿಂದ. “ಇರ್ಲಿ ಬಿಡು. ಬಿಷಪ್ ಬೇರೆ, ಫಾದರ್ ಬೇರೆ.”

ಹೊರಡುವಾಗ ದೇವಸಗಾಯಂ ಬಂದು ಭುಜ ತಟ್ಟಿದ. ಮುಂದಿನ ವರ್ಷ ಮೊದಲ ಕುರ್ಚಿ ಸವರಿಮುತ್ತುವಿಗೇ ಎಂದು ಎಲ್ಲರೂ ಸೇರಿ ತೀರ್ಮಾನಿಸಿದ್ದಾರಂತೆ. “ನಿನಗೂ ಜಾಗ ಇದೆ ರಾಯಪ್ಪಾ. ಹದಿಮೂರನೆಯವನು. ಆಮೇಲೆ, ಅಣ್ಣಾ ನಗರದ ನನ್ ತಂಗಿ ಮನೆ ಮಿಕ್ಸಿ ಕೆಟ್ಟಿದೆ.”

ಗಂಡಹೆಂಡತಿ ಮನೆಗೆ ಬಂದರು. ಬೀದಿಯಲ್ಲಿ ಕರೆಂಟು ಹೋಗಿತ್ತು. ಮೆಟ್ಟಿಲ ಹತ್ತಿರ ಬರುವ ಹೊತ್ತಿಗೆ ಫಕ್ಕನೆ ದೀಪ ಬಂತು. ಬೆಳಗಾಯಿತೆಂದುಕೊಂಡ ಹುಂಜ ಕತ್ತು ನೀಡಿ, ರೆಕ್ಕೆ ಬಡಿದು, ಗಂಟಲು ಹರಿಯುವ ಹಾಗೆ ಕೂಗಿತು.

ರಾಯಪ್ಪ ಹೆಂಡತಿಯನ್ನು ನೋಡಿದ. ಲೂರ್ದಮ್ಮ ಹುಂಜವನ್ನು ನೋಡಿದಳು.

“ಹಾಳಾದ್ದು, ಹೊತ್ತು ಗೊತ್ತಿಲ್ಲ ಇದಕ್ಕೆ,” ಎಂದಳು, ಕಣ್ಣು ತಪ್ಪಿಸಿ.

“ಗೊತ್ತೈತೆ ಕಣೇ,” ಎಂದ ರಾಯಪ್ಪ. “ಇದೊಂದಕ್ಕೇ ಗೊತ್ತಿರೋದು.”

ಅವನಿಗೆ ನಗು ಬಂತು. ಅವಳಿಗೂ ಬಂತು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದು ನಗತೊಡಗಿದರು. ಆ ನಗುವಿಗೆ ಹುಂಜ ಬೆದರಿ, ಹಾರಿ, ಫಾದರ್ ತೊಳೆದು ಒರೆಸಿ ಮುತ್ತಿಟ್ಟಿದ್ದ ಎಡಗಾಲಿನ ಮೇಲೆ ಕೂತು, ಬೆಳಿಗ್ಗೆ ಮಾಡಿದ್ದನ್ನೇ ಮತ್ತೆ ಮಾಡಿತು.

ಬಲಗಾಲಿಗೆ ಮಾತ್ರ ಏನೂ ಆಗಲಿಲ್ಲ.